ಏಳರಿಂದ ಎಂಟಕ್ಕೆ: ಹೈಸ್ಕೂಲಿಗೆ ಹೊರಟ ಮಕ್ಕಳಿಗೆ ಜನವರಿಯಿಂದ ಏನು ಮಾಡಿಸಬೇಕು?

ಪ್ರಶ್ನೆ: ಏಳನೇ ತರಗತಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮದು 1ರಿಂದ 7ರವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ ಈ ಸಲ 23 ಮಕ್ಕಳಿದ್ದಾರೆ. ಜೂನ್‌ನಲ್ಲಿ ಬಹುತೇಕ ಎಲ್ಲರೂ 5 ಕಿ.ಮೀ. ದೂರದ ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಸೇರುತ್ತಾರೆ. ಇಲ್ಲಿ ಚೆನ್ನಾಗಿ ಓದುತ್ತಿದ್ದ ಮಕ್ಕಳೂ ಅಲ್ಲಿ ದಸರಾ ರಜೆಯ ಹೊತ್ತಿಗೆ ಮಂಕಾಗಿಬಿಡುತ್ತಾರೆ. ಕೆಲವರು ವಾರಕ್ಕೆ ಎರಡು ದಿನ ಶಾಲೆ ತಪ್ಪಿಸಲು ಶುರು ಮಾಡುತ್ತಾರೆ.

ಜನವರಿಯಿಂದ ಮಾರ್ಚ್‌ವರೆಗೆ ಮೂರು ತಿಂಗಳು ಸಿಗುತ್ತದೆ. ಎಂಟನೇ ತರಗತಿಯ ಪಾಠಗಳನ್ನೇ ಮುಂಚಿತವಾಗಿ ಹೇಳಿಕೊಡಬೇಕೇ, ಅಥವಾ ಬೇರೆ ಏನಾದರೂ ಮಾಡಿಸಬೇಕೇ? ಟಿಸಿ ಬಿಟ್ಟು ಬೇರೆ ಏನನ್ನು ಪ್ರೌಢಶಾಲೆಗೆ ತಲುಪಿಸಬೇಕು? ಇನ್ನೊಂದು ವಿಷಯ: ಒಬ್ಬ ಹುಡುಗ ಬಾಯಲ್ಲಿ ಎಲ್ಲ ಉತ್ತರ ಸರಿಯಾಗಿ ಹೇಳುತ್ತಾನೆ, ಓದಲು ಕೊಟ್ಟರೆ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಾನೆ. ಅವನ ವಿಷಯದಲ್ಲಿ ಈಗಲೇ ಏನು ಮಾಡಬಹುದು?

ಉತ್ತರ 1: ಪ್ರೌಢಶಾಲಾ ಗಣಿತ ಶಿಕ್ಷಕ

ಮೇಡಂ, ಎಂಟನೇ ತರಗತಿಯ ಪುಸ್ತಕವನ್ನು ದಯವಿಟ್ಟು ಮುಟ್ಟಬೇಡಿ. ಮುಂಚೆಯೇ ಅರ್ಧಂಬರ್ಧ ಕಲಿತ ಪಾಠ ಜೂನ್‌ನಲ್ಲಿ ಕೈಹಿಡಿಯುವುದಿಲ್ಲ. "ಇದು ಗೊತ್ತು" ಎಂಬ ಭಾವನೆಯಲ್ಲಿ ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಅಷ್ಟೇ.

ತೊಂದರೆ ಜೂನ್‌ನಲ್ಲಿ ಕಾಣುವುದಿಲ್ಲ. ಆಗ ಸೇತುಬಂಧ ನಡೆಯುತ್ತಿರುತ್ತದೆ: ನೈದಾನಿಕ ಪರೀಕ್ಷೆ (ಯಾರಿಗೆ ಏನು ಬರುವುದಿಲ್ಲ ಎಂದು ತಿಳಿಯಲು), ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ, ಎಲ್ಲವೂ ಹಿಂದಿನ ತರಗತಿಯ ವಿಷಯವೇ. ಅದು ಮುಗಿದು ಭಾಗಲಬ್ಧ ಸಂಖ್ಯೆಗಳು, ರೇಖಾತ್ಮಕ ಸಮೀಕರಣಗಳು ಶುರುವಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿಂದೆ ಬೀಳುತ್ತಾರೆ. ಎಂಟರಲ್ಲಿ ಬೀಜಗಣಿತ ಬಂದು ಎಡವಿತು ಎಂದು ಎಲ್ಲರೂ ಹೇಳುತ್ತಾರೆ. ಮಕ್ಕಳ ಉತ್ತರಗಳನ್ನು ಸಾಲುಸಾಲಾಗಿ ನೋಡಿದರೆ ಎಡವಿರುವುದು x ಇರುವ ಕಡೆ ಅಲ್ಲ. ಋಣ ಚಿಹ್ನೆ ಮತ್ತು ಭಿನ್ನರಾಶಿ ಬಂದ ಕಡೆ.

ಜನವರಿ ಮೊದಲ ವಾರ ಈ ಎಂಟು ಲೆಕ್ಕ ಕೊಡಿ. ಅಂಕ ಹಾಕಬೇಡಿ, ತಪ್ಪು ಉತ್ತರವನ್ನು ಹಾಗೇ ಬರೆದಿಟ್ಟುಕೊಳ್ಳಿ.

−7 + 3
−5 − (−8)
2/3 + 3/4
0.6 × 0.3
240ರ 15%
3x + 5 = 20
3x + 5 = −7
2(x + 4) ಅನ್ನು ಬಿಡಿಸಿ ಬರೆಯಿರಿ

ಮೊದಲನೆಯದಕ್ಕೆ −10 ಎಂದು ಬರೆದ ಮಗು ಎರಡು ಸಂಖ್ಯೆ ಕೂಡಿಸಿ ಮುಂದೆ ಋಣ ಚಿಹ್ನೆ ಅಂಟಿಸಿದೆ. ಎರಡನೆಯದಕ್ಕೆ −13 ಎಂದರೆ ಆವರಣದೊಳಗಿನ ಚಿಹ್ನೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮೂರನೆಯದಕ್ಕೆ 5/7 ಎಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಇದು ಬಹಳ ಸಾಮಾನ್ಯ. 0.6 × 0.3 = 1.8 ಎಂದರೆ ದಶಮಾಂಶ ಸ್ಥಾನ ಗಟ್ಟಿಯಿಲ್ಲ (ಸರಿ ಉತ್ತರ 0.18). ಕೊನೆಯದಕ್ಕೆ 2x + 4 ಬಂದರೆ ಗುಣಕ ಎರಡನೇ ಪದಕ್ಕೆ ತಲುಪಿಲ್ಲ.

ಆರನೆಯದು ಮತ್ತು ಏಳನೆಯದನ್ನು ಬೇಕೆಂದೇ ಜೋಡಿಯಾಗಿ ಇಟ್ಟಿದ್ದೇನೆ. 3x + 5 = 20 ಅನ್ನು ಚುರುಕು ಮಕ್ಕಳು ಊಹೆಯಲ್ಲೇ 5 ಎಂದುಬಿಡುತ್ತಾರೆ, ವಿಧಾನ ಗೊತ್ತಿರುವುದಿಲ್ಲ. 3x + 5 = −7ಕ್ಕೆ ಬಂದಾಗ ಊಹೆ ಕೈಕೊಡುತ್ತದೆ. ಉತ್ತರ −4 ಬಂದರೆ ಆ ಮಗು ನಿಜವಾಗಿ ಸಿದ್ಧವಾಗಿದೆ.

ಸರಿಪಡಿಸುವ ಕ್ರಮ: ಮೊದಲು ಋಣ ಸಂಖ್ಯೆ, ಆಮೇಲೆ ಭಿನ್ನರಾಶಿ, ಕೊನೆಗೆ ಸಮೀಕರಣ. ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ. ನೆಲದ ಮೇಲೆ −10ರಿಂದ +10ರವರೆಗೆ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದು ಮಕ್ಕಳನ್ನೇ ನಡೆಸಿ. "ಸಾಲ, ಉಳಿತಾಯ" ಎಂಬ ಉದಾಹರಣೆ ಕೂಡುವುದಕ್ಕೆ ಚೆನ್ನ. ಆದರೆ −5 − (−8)ರಲ್ಲಿ ಇರುವ ಸಾಲವೇ 5, 8 ಮನ್ನಾ ಮಾಡುವುದು ಹೇಗೆ ಎಂದು ಮಗು ಕೇಳುತ್ತದೆ, ನ್ಯಾಯವಾದ ಪ್ರಶ್ನೆಯೇ. ಅಲ್ಲಿ ಏಣಿ ಕ್ರಮ ಹಿಡಿಯಿರಿ: −5 − 2 = −7, −5 − 1 = −6, −5 − 0 = −5. ಮುಂದಿನ ಮೆಟ್ಟಿಲು −5 − (−1). ಉತ್ತರ ಒಂದೊಂದೇ ಏರುತ್ತಿರುವುದನ್ನು ನೋಡಿ ಮಕ್ಕಳೇ −4 ಎನ್ನುತ್ತಾರೆ. ಹಾಗೇ ಹತ್ತುತ್ತಾ ಹೋದರೆ 3 ಸಿಗುತ್ತದೆ.

ಭಿನ್ನರಾಶಿಗೆ ಚೌಕಳಿ ಹಾಳೆಯಲ್ಲಿ 12 ಮನೆಯ ಪಟ್ಟಿ ಕತ್ತರಿಸಿಕೊಳ್ಳಿ. 2/3 ಎಂದರೆ 8 ಮನೆ, 3/4 ಎಂದರೆ 9 ಮನೆ, ಒಟ್ಟು 17. ಒಂದು ಪಟ್ಟಿ ತುಂಬಿ 5 ಮನೆ ಹೆಚ್ಚಾಯಿತು ಎಂದು ಕಣ್ಣಿಗೆ ಕಂಡ ಮೇಲೆ 5/7 ಎಂದು ಬರೆಯುವ ಕೈ ತಾನೇ ತಡೆಯುತ್ತದೆ. ಸಮೀಕರಣದಲ್ಲಿ "ಆ ಕಡೆ ಹೋದರೆ ಚಿಹ್ನೆ ಬದಲು" ಎಂಬ ಮಂತ್ರವನ್ನು ಮಾತ್ರ ಏಳರಲ್ಲಿ ಹೇಳಿಕೊಡಬೇಡಿ. ಎರಡೂ ಕಡೆಯಿಂದ 5 ಕಳೆಯಿರಿ, ಎರಡೂ ಕಡೆ 3ರಿಂದ ಭಾಗಿಸಿ ಎಂದು ಪೂರ್ತಿ ಬರೆಸಿ. ಪಕ್ಷಾಂತರವನ್ನು ಬಾಯಿಪಾಠ ಮಾಡಿದ ಮಕ್ಕಳು ಎಂಟರಲ್ಲಿ 3x = −12ನ್ನು ನೋಡಿ x = −12 − 3 ಎಂದು ಬರೆಯುವುದು ಇದರಿಂದಲೇ.

ಉತ್ತರ 2: ಕನ್ನಡ ಅಧ್ಯಾಪಕಿ, ಪ್ರೌಢಶಾಲೆ

ಗಣಿತದ ಬಗ್ಗೆ ಸರ್ ಹೇಳಿದ್ದು ಒಪ್ಪುವ ಮಾತು. ಆದರೆ ಎಲ್ಲ ವಿಷಯದಲ್ಲೂ ಒಟ್ಟಿಗೆ ಮುಗ್ಗರಿಸುವ ಮಕ್ಕಳಿರುತ್ತಾರಲ್ಲ, ಅವರ ಕಷ್ಟ ಬರವಣಿಗೆಯ ವೇಗ. ಪ್ರಾಥಮಿಕದಲ್ಲಿ ಉತ್ತರ ಬೋರ್ಡಿನ ಮೇಲೆ ಇರುತ್ತದೆ, ನೋಡಿ ಬರೆದುಕೊಳ್ಳುತ್ತಾರೆ. ಪ್ರೌಢಶಾಲೆಯಲ್ಲಿ ಶಿಕ್ಷಕರು ಟಿಪ್ಪಣಿಯನ್ನು ಬಾಯಲ್ಲಿ ಹೇಳುತ್ತಾರೆ, ವಾಕ್ಯವನ್ನು ಒಂದೆರಡು ಸಲ ಅಷ್ಟೇ. ಕೇಳಿ ಬರೆಯುವ ರೂಢಿಯಿಲ್ಲದ ಮಗು ಮೂರನೇ ವಾಕ್ಯಕ್ಕೆ ಪೆನ್ನು ಕೆಳಗಿಡುತ್ತದೆ. ಸಮಾಜದ ನೋಟ್ಸ್ ಅರ್ಧ, ವಿಜ್ಞಾನದ ನೋಟ್ಸ್ ಅರ್ಧ. ವರ್ಷದ ನಡುವೆ ನಡೆಯುವ ಮೊದಲ ರೂಪಣಾತ್ಮಕ ಪರೀಕ್ಷೆಗೆ ಓದಲು ಮನೆಯಲ್ಲಿ ಪುಸ್ತಕ ತೆರೆದರೆ ಓದಲು ಏನೂ ಇರುವುದಿಲ್ಲ. ಶಾಲೆ ತಪ್ಪಿಸುವುದು ಹೆಚ್ಚಾಗಿ ಅಲ್ಲಿಂದ ಶುರು.

ಜನವರಿಯಿಂದ ವಾರಕ್ಕೆ ಮೂರು ದಿನ ಹೀಗೆ ಮಾಡಿಸಿ. ಏಳನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಿಂದ 80–100 ಪದಗಳ ಒಂದು ಖಂಡ. ಮೊದಲ ಸಲ ಓದುವಾಗ ಪೆನ್ನು ಕೈಯಲ್ಲಿ ಇರಬಾರದು. ಎರಡನೇ ಸಲ ಐದು ಮುಖ್ಯ ಪದಗಳನ್ನು ಮಾತ್ರ ಬರೆದುಕೊಳ್ಳಲಿ. ಆಮೇಲೆ ಆ ಐದು ಪದ ಇಟ್ಟುಕೊಂಡು ತಮ್ಮದೇ ನಾಲ್ಕು ವಾಕ್ಯ ಬರೆಯಲಿ. ಕಾಗುಣಿತ ತಪ್ಪನ್ನು ಈ ಅಭ್ಯಾಸದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಬೇಡಿ. ತಿದ್ದಿದರೆ ತಪ್ಪಾಗದ ಸಣ್ಣ ಪದಗಳನ್ನೇ ಹುಡುಕಿ ಬರೆಯಲು ಕಲಿಯುತ್ತಾರೆ. ಮಹಾಪ್ರಾಣ, ಒತ್ತಕ್ಷರ, ದೀರ್ಘದ ತಪ್ಪುಗಳಿಗೆ ಬೇರೆ ದಿನ, ಬೇರೆ ಉಕ್ತಲೇಖನ ಇರಲಿ.

ಫೆಬ್ರವರಿಯ ಕೊನೆಯಲ್ಲಿ ಒಂದು ವಾರ ನಿಮ್ಮ ಏಳನೇ ತರಗತಿಯನ್ನೇ ಪ್ರೌಢಶಾಲೆಯ ಹಾಗೆ ನಡೆಸಿ ನೋಡಿ. 40 ನಿಮಿಷಕ್ಕೊಂದು ಗಂಟೆ, ಪ್ರತಿ ಅವಧಿಗೆ ಬೇರೆ ಶಿಕ್ಷಕರು, ಗಂಟೆ ಬಾರಿಸಿದ ಎರಡು ನಿಮಿಷದಲ್ಲಿ ಹಿಂದಿನ ಪುಸ್ತಕ ಒಳಗೆ, ಮುಂದಿನದು ಹೊರಗೆ. ಮೂವರೇ ಶಿಕ್ಷಕರಿದ್ದರೂ ಸುತ್ತು ಹಾಕಬಹುದು. ಮನೆಗೆಲಸವನ್ನು ಯಾರೂ ಬೋರ್ಡಿನ ಮೂಲೆಯಲ್ಲಿ ಬರೆಯಬಾರದು. ಬಾಯಲ್ಲಿ ಹೇಳಬೇಕು, ಮಕ್ಕಳು ಒಂದೇ ಚಿಕ್ಕ ಪುಸ್ತಕದಲ್ಲಿ ವಿಷಯ, ಪುಟ, ಯಾವ ದಿನಕ್ಕೆ ಎಂಬ ಮೂರನ್ನು ಬರೆದುಕೊಳ್ಳಬೇಕು. ಮೊದಲ ಎರಡು ದಿನ ಗೊಂದಲವಾಗುತ್ತದೆ. ಆ ಗೊಂದಲ ತಮ್ಮ ಊರಿನ ಶಾಲೆಯಲ್ಲಿ, ಪರಿಚಿತರ ಎದುರು ಆಗಿ ಮುಗಿಯಲಿ.

ಪದ್ಯದ ವಿಷಯ ಒಂದು ಮಾತು. ಎಂಟರಿಂದ ಮೇಲೆ ಹಳಗನ್ನಡ, ನಡುಗನ್ನಡದ ಪದ್ಯಗಳು ಬರುತ್ತವೆ. ಅರ್ಥ ಹೇಳಿಕೊಡುವ ಆತುರ ಬೇಡ, ಪದ ಬಿಡಿಸಿ ಗಟ್ಟಿಯಾಗಿ ಓದುವ ರೂಢಿ ಇದ್ದರೆ ಸಾಕು. ಕಿವಿಗೆ ಹಿಡಿದರೆ ಅರ್ಥ ಹಿಂದೆಯೇ ಬರುತ್ತದೆ.

ಉತ್ತರ 3: ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ

ದಾಖಲೆಗಳ ವಿಷಯ ಹೇಳುತ್ತೇನೆ, ಏಕೆಂದರೆ ಇಲ್ಲಿ ಆಗುವ ತಪ್ಪು ಮೂರು ವರ್ಷದ ನಂತರ ಕಾಣುತ್ತದೆ.

ಮಾರ್ಚ್‌ನೊಳಗೆ ಪ್ರತಿ ಮಗುವಿನ ಹೆಸರು, ತಂದೆ–ತಾಯಿ ಹೆಸರು, ಹುಟ್ಟಿದ ದಿನಾಂಕ ಮೂರನ್ನೂ ಎಸ್‌ಎಟಿಎಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಆಧಾರ್ ಮತ್ತು ಜನನ ಪ್ರಮಾಣಪತ್ರದಲ್ಲಿ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು, ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಇರುವುದು ಸಾಮಾನ್ಯ. ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುವುದು ಶಾಲಾ ದಾಖಲೆಯ ಹೆಸರೇ. ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಎಷ್ಟು ಸುತ್ತಾಟ ಎಂದು ಗೊತ್ತಿರುವವರಿಗೆ ಗೊತ್ತು. ಏಳರಲ್ಲಿ ಇರುವಾಗ ಮುಖ್ಯ ಶಿಕ್ಷಕರ ಹಂತದಲ್ಲೇ ಸರಿಮಾಡುವುದು ಸುಲಭ.

ಟಿಸಿ ಕೊಡುವುದಕ್ಕೆ ತಡ ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯ ಶಿಕ್ಷಕರು ತಕ್ಷಣ ಕೊಡಬೇಕು. ಟಿಸಿ ತಡವಾಯಿತು ಎಂಬ ಕಾರಣಕ್ಕೆ ಹೊಸ ಸರ್ಕಾರಿ ಅಥವಾ ಅನುದಾನಿತ ಶಾಲೆ ದಾಖಲಾತಿ ನಿರಾಕರಿಸುವಂತೆಯೂ ಇಲ್ಲ. ಆ ಕಾಯ್ದೆ 8ನೇ ತರಗತಿಯನ್ನೂ ಒಳಗೊಂಡಿದೆ ಎಂಬುದು ಅನೇಕ ಪೋಷಕರಿಗೆ ಗೊತ್ತಿಲ್ಲ.

ಆದರೆ ಟಿಸಿಯಲ್ಲಿ ಮಗುವಿನ ಕಲಿಕೆಯ ಬಗ್ಗೆ ಏನೂ ಇರುವುದಿಲ್ಲ. ನಡತೆ "ಉತ್ತಮ" ಎಂದಿರುತ್ತದೆ, ಅಷ್ಟೇ. ಏಳು ವರ್ಷ ಒಂದು ಶಾಲೆಗೆ ಗೊತ್ತಿದ್ದುದೆಲ್ಲ ಅಲ್ಲೇ ಉಳಿದು, ಪ್ರೌಢಶಾಲೆ ಮತ್ತೆ ಸೊನ್ನೆಯಿಂದ ಮಗುವನ್ನು ತಿಳಿಯಬೇಕು. ಹಾಗಾಗಿ ಪ್ರತಿ ಮಗುವಿಗೆ ಅರ್ಧ ಪುಟದ ಟಿಪ್ಪಣಿ ಬರೆಯಿರಿ: ಕನ್ನಡ ಓದು ಯಾವ ಮಟ್ಟ, ಮೇಲಿನ ಎಂಟು ಲೆಕ್ಕದಲ್ಲಿ ಯಾವುದು ತಪ್ಪಿತು, ಕಣ್ಣು–ಕಿವಿ–ಆರೋಗ್ಯದ ತೊಂದರೆ, ಮನೆಮಾತು, ಪರಿಸ್ಥಿತಿ ಹೇಳಬೇಕಾದ್ದು ಇದ್ದರೆ ಒಂದು ಸಾಲು, ಯಾವುದರಲ್ಲಿ ಚುರುಕು. ಕೊನೆಯದನ್ನು ಬಿಡಬೇಡಿ. ಕಬಡ್ಡಿ ಚೆನ್ನಾಗಿ ಆಡುತ್ತಾಳೆ ಎಂಬ ಒಂದು ಸಾಲಿನಿಂದ ಹೊಸ ದೈಹಿಕ ಶಿಕ್ಷಕರು ಮೊದಲ ವಾರವೇ ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ. "ದಡ್ಡ", "ಸೋಮಾರಿ", "ತರಲೆ" ಎಂಬ ಪದಗಳು ಟಿಪ್ಪಣಿಯಲ್ಲಿ ಇರಲೇಬಾರದು. ಆ ಹಣೆಪಟ್ಟಿ ಮಗುವಿಗಿಂತ ಮುಂಚೆ ಹೊಸ ಶಾಲೆ ತಲುಪುತ್ತದೆ.

ಟಿಪ್ಪಣಿಗಳನ್ನು ಮಕ್ಕಳ ಕೈಯಲ್ಲಿ ಕಳಿಸದೆ ನೀವೇ ಕೊಂಡೊಯ್ದು ಎಂಟನೇ ತರಗತಿಯ ಶಿಕ್ಷಕರಿಗೆ ಕೊಡಿ. ಮುಖ್ಯ ಶಿಕ್ಷಕರ ಮೇಜಿನ ಮೇಲೆ ಇಟ್ಟರೆ ದಾಖಲಾತಿ ಫೈಲಿನೊಳಗೆ ಸೇರಿಹೋಗುತ್ತದೆ.

ಎನ್‌ಎಂಎಂಎಸ್ (ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ) ಬಗ್ಗೆಯೂ ಈಗಲೇ ಹೇಳಿ. 8ನೇ ತರಗತಿಯಲ್ಲಿ ಪರೀಕ್ಷೆ, ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ ₹12,000. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಕುಟುಂಬದ ವಾರ್ಷಿಕ ಆದಾಯ ₹3.5 ಲಕ್ಷದೊಳಗೆ ಇರಬೇಕು. 7ನೇ ತರಗತಿಯಲ್ಲಿ 55% ಅಂಕ ಬೇಕು, ಪರಿಶಿಷ್ಟ ಜಾತಿ–ಪಂಗಡದವರಿಗೆ 5% ರಿಯಾಯಿತಿ. ಅಂದರೆ ನಿಮ್ಮ ಶಾಲೆಯ ಅಂಕಪಟ್ಟಿಯೇ ಅರ್ಹತೆ ನಿರ್ಧರಿಸುತ್ತದೆ. ಆದಾಯ ಪ್ರಮಾಣಪತ್ರ ಬೇಸಿಗೆ ರಜೆಯಲ್ಲೇ ಮಾಡಿಸಿಕೊಂಡರೆ ಅರ್ಜಿಯ ಕೊನೆಯ ದಿನ ನಾಡಕಚೇರಿಯ ಮುಂದೆ ನಿಲ್ಲಬೇಕಾಗುವುದಿಲ್ಲ.

ಏಳನೇ ತರಗತಿ ಶಿಕ್ಷಕಿ

ತುಂಬಾ ಉಪಯೋಗವಾಯಿತು. ಇನ್ನೊಂದು ಪ್ರಶ್ನೆ. ಆ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ಎಂಟು ಮಕ್ಕಳ ಪೋಷಕರು ಅದಕ್ಕೇ ಸೇರಿಸುತ್ತೇವೆ ಎನ್ನುತ್ತಿದ್ದಾರೆ. ಎಲ್ಲರೂ ಏಳು ವರ್ಷ ಕನ್ನಡ ಮಾಧ್ಯಮದವರು. ಬೇಡ ಎನ್ನಬೇಕೇ?

ಉತ್ತರ 4: ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿ, ಇಂಗ್ಲಿಷ್ ಮಾಧ್ಯಮ ವಿಭಾಗ

ಎಲ್ಲರಿಗೂ ಬೇಡ ಎನ್ನಬೇಡಿ, ಎಲ್ಲರಿಗೂ ಹೂಂ ಎನ್ನಲೂಬೇಡಿ. ಹೀಗೆ ನೋಡಿ: ಏಳನೇ ತರಗತಿಯ ವಿಜ್ಞಾನದ ಒಂದು ಪುಟವನ್ನು ಕನ್ನಡದಲ್ಲಿ ಓದಿ, ತನ್ನ ಮಾತಿನಲ್ಲಿ ವಿವರಿಸಬಲ್ಲ ಮಗು, ಇಂಗ್ಲಿಷಿನಲ್ಲಿ ಸರಳ ವಾಕ್ಯ ತಡೆಯಿಲ್ಲದೆ ಓದಬಲ್ಲುದಾದರೆ, ಮಾಧ್ಯಮ ಬದಲಾವಣೆಯನ್ನು ದಾಟುತ್ತದೆ. ಕನ್ನಡದಲ್ಲೇ ವಿವರಿಸಲಾಗದ ಮಗುವಿಗೆ ಇಂಗ್ಲಿಷ್ ಮಾಧ್ಯಮ ಕೊಟ್ಟರೆ ವಿಜ್ಞಾನವೂ ಹೋಗುತ್ತದೆ, ಇಂಗ್ಲಿಷೂ ಬರುವುದಿಲ್ಲ. ಅಂಕ ನೋಡಿ ತೀರ್ಮಾನಿಸಬೇಡಿ. ಬಾಯಿಪಾಠದಲ್ಲಿ 90 ತೆಗೆದ ಮಕ್ಕಳೇ ಇಲ್ಲಿ ಮೊದಲು ಕುಸಿಯುವುದು.

ಹೋಗುವುದೇ ಖಚಿತವಾದರೆ ಏಪ್ರಿಲ್–ಮೇ ಎರಡು ತಿಂಗಳು ಪದಪಟ್ಟಿ ಕೆಲಸ ಕೊಡಿ. ದಿನಕ್ಕೆ ಆರು ಪದ, ಹೆಚ್ಚು ಬೇಡ. ಘರ್ಷಣೆ ಎಂದರೆ ಫ್ರಿಕ್ಷನ್, ದಹನ ಎಂದರೆ ಕಂಬಶ್ಚನ್, ಸೂಕ್ಷ್ಮಜೀವಿ ಎಂದರೆ ಮೈಕ್ರೋಆರ್ಗನಿಸಂ: ಇವೆಲ್ಲ ಎಂಟನೇ ವಿಜ್ಞಾನದ ಪಾಠದ ಹೆಸರುಗಳಲ್ಲೇ ಬರುತ್ತವೆ. ಆದರೆ ಮಕ್ಕಳು ನಿಜವಾಗಿ ಮುಗ್ಗರಿಸುವುದು ಪ್ರಶ್ನೆಯ ಕ್ರಿಯಾಪದಗಳಲ್ಲಿ. ಡಿಫೈನ್, ಎಕ್ಸ್‌ಪ್ಲೇನ್, ಕಂಪೇರ್, ಜಸ್ಟಿಫೈ, ಫೈಂಡ್, ಪ್ರೂವ್. ಏನು ಕೇಳಿದ್ದಾರೆ ಎಂದೇ ತಿಳಿಯದೆ ಗೊತ್ತಿದ್ದ ಉತ್ತರವನ್ನೂ ಬಿಡುತ್ತಾರೆ. ಇಂಥ ಹತ್ತಿಪ್ಪತ್ತು ಕ್ರಿಯಾಪದಗಳೇ ಮೊದಲ ವಾರದ ಕೆಲಸವಾಗಲಿ. ಕನ್ನಡ ಮಾಧ್ಯಮದ ಏಳನೇ ಪುಸ್ತಕವನ್ನು ಎಸೆಯಬೇಡಿ, ಪಕ್ಕದಲ್ಲಿಟ್ಟುಕೊಂಡು ಓದಲಿ.

ದಾಖಲಾತಿ ಅರ್ಜಿಯಲ್ಲಿ ಮಾಧ್ಯಮ, ಪ್ರಥಮ, ದ್ವಿತೀಯ, ತೃತೀಯ ಭಾಷೆ ಏನು ಬರೆದಿದ್ದಾರೆ ಎಂದು ಪೋಷಕರು ಓದಿಯೇ ಸಹಿ ಹಾಕಲಿ. ಏಳು ವರ್ಷ ಕನ್ನಡ ಪ್ರಥಮ ಭಾಷೆಯಾಗಿದ್ದ ಮಗು, ಅಂಕ ಹೆಚ್ಚು ಬರುತ್ತದೆಂಬ ಮಾತು ಕೇಳಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು, ಅದರ ಮೇಲೆ ಮಾಧ್ಯಮವನ್ನೂ ಬದಲಿಸಿದರೆ ಒಂದೇ ಜೂನ್‌ನಲ್ಲಿ ಎರಡು ಹೊಸ ಹೊರೆ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 125 ಪ್ರಥಮ ಭಾಷೆಯದು, ಆಟದ ಮಾತಲ್ಲ.

ಉರ್ದು ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆಗಳಿಂದ ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇಲ್ಲದೆ ಕನ್ನಡ ಅಥವಾ ಇಂಗ್ಲಿಷ್ ವಿಭಾಗಕ್ಕೆ ಬರುವ ಮಕ್ಕಳಿಗೂ ಇದೇ ಪದಪಟ್ಟಿ ಬೇಕು. ಅವರ ವಿಷಯದಲ್ಲಿ ಮಾತ್ರ ಯಾರೂ ಮುಂಚೆ ಯೋಚಿಸುವುದಿಲ್ಲ ಎಂಬುದು ನೋವಿನ ಸಂಗತಿ.

ಉತ್ತರ 5: ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕ

ಬಾಯಲ್ಲಿ ಹೇಳುವ, ಓದಲಾಗದ ಹುಡುಗನ ಬಗ್ಗೆ. ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಅದು ಸರಿ ಇದ್ದರೆ ಅವನ ಓದನ್ನು ಎರಡು ನಿಮಿಷ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಅವನೇ ಬರೆದ ಒಂದು ಪುಟ ತೆಗೆದಿಡಿ. ಒಂದೇ ಪದ ಒಂದು ಸಾಲಿನಲ್ಲಿ ಸರಿ, ಮುಂದಿನ ಸಾಲಿನಲ್ಲಿ ತಪ್ಪು ಆಗುತ್ತಿದೆಯೇ, ಒತ್ತು ಬಿಟ್ಟುಹೋಗುತ್ತಿದೆಯೇ, ಅಕ್ಷರ ಅದಲುಬದಲಾಗುತ್ತಿದೆಯೇ ಎಂದು ಗುರುತು ಹಾಕಿ. ಇದು ರೋಗನಿರ್ಣಯ ಅಲ್ಲ, ಆದರೆ ನಿರ್ಣಯ ಮಾಡುವವರಿಗೆ ನೀವು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಮಾಹಿತಿ.

ಅದನ್ನು ತೆಗೆದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ವ್ಯಾಪ್ತಿಯ ಸಂಪನ್ಮೂಲ ಶಿಕ್ಷಕರನ್ನು ಕಾಣಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಕೇಳಬಹುದು. ಹತ್ತನೇ ತರಗತಿಯ ಡಿಸೆಂಬರ್‌ನಲ್ಲಿ ಓಡಾಡಲು ಶುರು ಮಾಡಿದರೆ ಸಮಯ ಸಾಲುವುದಿಲ್ಲ. ಏಳರಲ್ಲಿ ಶುರುವಾದರೆ ಮೂರು ವರ್ಷ ಕೈಯಲ್ಲಿರುತ್ತದೆ.

ಅಲ್ಲಿಯವರೆಗೆ ಪ್ರೌಢಶಾಲೆಯವರಿಗೆ ಹೋಗುವ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯಿರಿ: "ಬಾಯಲ್ಲಿ ಕೇಳಿದರೆ ಉತ್ತರಿಸುತ್ತಾನೆ. ತರಗತಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ." ಮೊದಲ ವಾರ ಏಳು ಶಿಕ್ಷಕರಲ್ಲಿ ಒಬ್ಬರು ಅವನನ್ನು ಎಲ್ಲರ ಎದುರು ಓದಿಸಿ, ತರಗತಿ ನಕ್ಕರೆ, ಮುಂದಿನ ತಿಂಗಳು ಅವನು ಬಸ್ ನಿಲ್ದಾಣದವರೆಗೆ ಬಂದು ವಾಪಸ್ ಹೋಗುತ್ತಾನೆ.

ಉತ್ತರ 6: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ

ಪಾಠದ ಮಾತು ಎಲ್ಲರೂ ಹೇಳಿದರು, ದಾರಿಯ ಮಾತು ಉಳಿದಿದೆ. 5 ಕಿ.ಮೀ. ಎಂದರೆ ಬಸ್ಸು. ಮೇ ಕೊನೆಯಲ್ಲಿ ಎರಡು ಸಲ ಮಗು ದೊಡ್ಡವರ ಜತೆ ಅದೇ ಬಸ್ಸಿನಲ್ಲಿ, ಅದೇ ಹೊತ್ತಿಗೆ ಹೋಗಿಬರಲಿ. ಬೆಳಗಿನ ಬಸ್ ತಪ್ಪಿದರೆ ಮುಂದಿನದು ಎಷ್ಟಕ್ಕೆ, ಸಂಜೆ ವಿಶೇಷ ತರಗತಿ ಇದ್ದರೆ ಕೊನೆಯ ಬಸ್ ಸಿಗುತ್ತದೆಯೇ ಎಂಬ ಎರಡು ವಿಷಯ ಗೊತ್ತಿರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬ್ಯಾಗಿನಲ್ಲಿ ಸದಾ ಇರಲಿ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಬೇಕು. ದಾಖಲಾತಿ ಮುಗಿದ ಮೇಲೆಯೇ ಅದು ಕೈಗೆ ಬರುವುದರಿಂದ ಜೂನ್ ತಿಂಗಳ ಬಸ್ ಚಾರ್ಜಿಗೆ ಹಣ ತೆಗೆದಿಡಬೇಕು. ಎಷ್ಟೋ ಹುಡುಗರು ಮೊದಲ ಎರಡು ವಾರ ಬರದೇ ಇರುವುದು ಇಷ್ಟಕ್ಕೇ.

ಬ್ಯಾಗಿನ ತೂಕ 6ರಿಂದ 8ನೇ ತರಗತಿಗೆ 3–4 ಕೆ.ಜಿ. ಮೀರಬಾರದೆಂದು ರಾಜ್ಯದ 2019ರ ಆದೇಶವಿದೆ. ವೇಳಾಪಟ್ಟಿ ಗೊತ್ತಿಲ್ಲದ ಮಕ್ಕಳು ಎಲ್ಲವನ್ನೂ ಹೊರುತ್ತಾರೆ. ಭಾಗ 1, ಭಾಗ 2 ಎಂದು ಬರುವ ಪುಸ್ತಕಗಳಲ್ಲಿ ಎರಡನೇ ಭಾಗ ದಸರಾವರೆಗೆ ಮನೆಯಲ್ಲೇ ಇರಲಿ. 200 ಪುಟದ ನೋಟ್‌ಬುಕ್ ಬದಲು 100 ಪುಟದ್ದು ತನ್ನಿ.

ಏಪ್ರಿಲ್‌ಗೆ ಮುಂಚೆ ಒಂದು ದಿನ ಏಳನೇ ತರಗತಿಯವರನ್ನೆಲ್ಲ ಪ್ರೌಢಶಾಲೆಗೆ ಕರೆದುಕೊಂಡು ಹೋಗಿ. ಭಾಷಣ ಬೇಡ. ಎಂಟನೇ ತರಗತಿಯಲ್ಲಿ ಒಂದು ಅವಧಿ ಕುಳಿತು, ಅಲ್ಲೇ ಬಿಸಿಯೂಟ ಮಾಡಿ ಬರಲಿ. ಶೌಚಾಲಯ ಎಲ್ಲಿದೆ, ಬೀಗ ಇರುತ್ತದೆಯೇ, ಕೀ ಯಾರ ಹತ್ತಿರ, ನೀರು ಬರುತ್ತದೆಯೇ ಎಂಬುದನ್ನು ಹೆಣ್ಣುಮಕ್ಕಳಿಗೆ ಒಬ್ಬ ಶಿಕ್ಷಕಿ ತೋರಿಸಬೇಕು. ಮುಟ್ಟಾದಾಗ ಯಾರನ್ನು ಕೇಳಬೇಕೆಂದು ಹೆಸರು ಸಮೇತ ಗೊತ್ತಿರಬೇಕು. ಇದು ಗೊತ್ತಿಲ್ಲದ ಹುಡುಗಿ ದಿನವಿಡೀ ನೀರು ಕುಡಿಯದೆ ಕೂರುತ್ತಾಳೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಉಳಿಯುತ್ತಾಳೆ.

ಏಳನೇ ತರಗತಿ ಶಿಕ್ಷಕಿ

ಎಂಟು ಲೆಕ್ಕವನ್ನು ಸೋಮವಾರವೇ ಕೊಡುತ್ತೇನೆ. ಮಕ್ಕಳು ಅಲ್ಲಿ ಸೇರಿದ ಮೇಲೆ ನಾನು ವಿಚಾರಿಸುವುದಾದರೆ ಯಾವಾಗ, ಯಾರನ್ನು, ಏನೆಂದು ಕೇಳಬೇಕು? ಸುಮ್ಮನೆ "ಹೇಗಿದ್ದಾರೆ" ಎಂದರೆ "ಚೆನ್ನಾಗಿದ್ದಾರೆ" ಎನ್ನುತ್ತಾರೆ.

ಉತ್ತರ 7: ಪ್ರೌಢಶಾಲಾ ಗಣಿತ ಶಿಕ್ಷಕ

ಎರಡು ಸಲ. ಜೂನ್ ಎರಡನೇ ವಾರ ಒಮ್ಮೆ, 23 ಹೆಸರಿನ ಪಟ್ಟಿ ಹಿಡಿದು: ಎಲ್ಲರೂ ಎಸ್‌ಎಟಿಎಸ್‌ನಲ್ಲಿ ಹೊಸ ಶಾಲೆಗೆ ದಾಖಲಾಗಿದ್ದಾರೆಯೇ? ನಿಮ್ಮಲ್ಲಿ ಟಿಸಿ ಆಗಿ, ಎಲ್ಲೂ ಸೇರದ ಹೆಸರು ಉಳಿದಿದ್ದರೆ ಅದೇ ದಿನ ಮನೆಗೆ ಹೋಗಬೇಕಾದ ಹೆಸರು. ಮತ್ತೊಮ್ಮೆ ಜುಲೈ ಮೂರನೇ ವಾರ, ಎಂಟನೇ ತರಗತಿ ಶಿಕ್ಷಕರಿಗೆ ಮೂರು ಪ್ರಶ್ನೆ: ಕಳೆದ 15 ದಿನದಲ್ಲಿ ಮೂರಕ್ಕಿಂತ ಹೆಚ್ಚು ದಿನ ತಪ್ಪಿಸಿದವರು ಯಾರು, ಯಾರ ನೋಟ್ಸ್ ಅರ್ಧಕ್ಕೆ ನಿಂತಿದೆ, ಊಟದ ಹೊತ್ತಿನಲ್ಲಿ ಒಬ್ಬರೇ ಕೂರುವವರು ಯಾರು. ಮೂರೂ ಪ್ರಶ್ನೆಗೆ ಬರುವ ಹೆಸರು ಒಂದೇ ಆಗಿದ್ದರೆ ಆ ವಾರ ನೀವೇ ಒಮ್ಮೆ ಹೋಗಿ ಆ ಮಗುವನ್ನು ಮಾತಾಡಿಸಿ ಬನ್ನಿ. ಹೋಗುವಾಗ ಮುಂಚೆ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಬಿಡುವಿನ ಅವಧಿ ಕೇಳಿಕೊಳ್ಳಿ.